ಬಾಗಿಲು ಮುಚ್ಚಿ ಬಡಿಸಿದ ಎಲೆ

ಕಪ್ತಾನನ ಪಾತ್ರಕ್ಕೆ ಒಸ್ವಾಲ್ಡನೇ ಆಗಬೇಕೆಂದು ಯಾರೂ ಕೂತು ಯೋಚಿಸಿ ತೀರ್ಮಾನಿಸಿದ್ದಲ್ಲ. ಯೋಚಿಸುವ ಅಗತ್ಯವೇ ಯಾರಿಗೂ ಕಾಣಲಿಲ್ಲ, ನೋಡಿ, ಅದೇ ತಮಾಷೆ. ದೋಹಾದ ಕರಾವಳಿ ಬಳಗದ ವಾರ್ಷಿಕೋತ್ಸವಕ್ಕೆ ಈ ಸಲ ಪೋರ್ಚುಗೀಸರು ನಮ್ಮ ಕಡಲಿಗೆ ಬಂದ ಕಥೆಯನ್ನೇ ನಾಟಕವಾಗಿ ಆಡುವುದೆಂದು ಗೊತ್ತಾದ ಕೂಡಲೇ ಇಡೀ ಸಭೆ ಅವನ ಕಡೆ ತಿರುಗಿ ಹಲ್ಲು ಕಿರಿಯಿತು. ಒಸ್ವಾಲ್ಡ್ ಮೊಂತೇರೊ! ಹೆಸರೇ ಹಡಗಿನಿಂದ ಇಳಿದು ಬಂದ ಹಾಗಿದೆ. ಬಣ್ಣ ಕೊಂಚ ಬಿಳುಪು, ಮೂಗು ಕೊಂಚ ಉದ್ದ, ಅಲ್ಲಿಯ ವಾರದ ರಜೆ ಶುಕ್ರವಾರವಲ್ಲವೇ, ಆ ಬೆಳಿಗ್ಗೆ ತಪ್ಪದೆ ಚರ್ಚಿಗೆ ಹೋಗುವ ಮನುಷ್ಯ. ಇನ್ನೇನು ಬೇಕು? ನಾಟಕ ಬರೆದವನೂ ಅವನೇ ಎಂಬುದನ್ನು ಎಲ್ಲರೂ ಚಹಾದ ಜೊತೆ ನುಂಗಿಬಿಟ್ಟಿದ್ದರು.

"ಬೇರೆ ಯಾರಿದ್ದಾರೆ ಮಾರಾಯ?" ಎಂದ ಚನಿಯ. "ನಾನು ಕಪ್ತಾನ ಆದ್ರೆ ಜನ ಚಪ್ಪಲಿ ಬಿಸಾಡ್ತಾರೆ. ನೀನು ನಿಂತ್ರೆ ಸಾಕು, ಪರಂಗಿಯೇ ಬಂದ ಹಾಗೆ ಆಗ್ತದೆ."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಒಸ್ವಾಲ್ಡನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಹೇಳಿದವನು ಚನಿಯ. ಬಿನ್ ಒಮ್ರಾನಿನಲ್ಲಿ ಏಸಿ ರಿಪೇರಿಯ ಅಂಗಡಿ ಇಟ್ಟುಕೊಂಡವನು, ನಾಟಕದ ನಿರ್ದೇಶಕ, ಅದಕ್ಕಿಂತ ಹೆಚ್ಚಾಗಿ ಒಸ್ವಾಲ್ಡನ ಹಳೆಯ ರೂಮ್‌ಮೇಟು. ಹೆಂಡತಿ ಮಕ್ಕಳು ಊರಲ್ಲೇ ಇದ್ದ ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಂಡು ದಿನ ದೂಡಿದವರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಕೆಲಸಕ್ಕೆ ರಜೆ ಹಾಕಿದವರು. ಹಾಗಾಗಿ ಒಸ್ವಾಲ್ಡ್ ನಕ್ಕು ಒಪ್ಪಿಕೊಂಡ. ಒಂದೇ ಒಂದು ಷರತ್ತು ಹಾಕಿದ.

"ಕಡೆಯ ದೃಶ್ಯ ಮಾತ್ರ ತೆಗೀಬಾರ್ದು. ಕಪ್ತಾನನ ವೇಷ ಬಿಚ್ಚಿ ಪಂಚೆ ಉಟ್ಟು ನಾನೇ ಬರ್ಬೇಕು. ಅಷ್ಟೇ."

"ಆಯ್ತಪ್ಪ, ನಾನಿದ್ದೇನಲ್ಲ" ಎಂದು ಚನಿಯ ಅವನ ಬೆನ್ನು ತಟ್ಟಿದ.

ಆ ಕಡೆಯ ದೃಶ್ಯಕ್ಕಾಗಿಯೇ ಒಸ್ವಾಲ್ಡ್ ಇಡೀ ನಾಟಕ ಬರೆದದ್ದು ಎನ್ನಬೇಕು. ಅದರಲ್ಲಿ ಗೋವೆಯ ಒಬ್ಬ ರೈತ ಹೆಂಡತಿ ಮಕ್ಕಳನ್ನು ದೋಣಿಗೆ ಹತ್ತಿಸಿಕೊಂಡು ದಕ್ಷಿಣದ ಕಡೆ ಹೊರಡುತ್ತಾನೆ. ಕತ್ತಿ ಹಿಡಿದು ಬಂದವರು ಅವನ ಹೆಸರು ಬದಲಿಸಿದ್ದಾರೆ, ದೇವರನ್ನು ಬದಲಿಸಿದ್ದಾರೆ. ಅವನು ತಲೆಬಾಗಿ ಒಪ್ಪಿಕೊಂಡಿದ್ದಾನೆ, ಬರುಬರುತ್ತಾ ಆ ಹೊಸ ದೇವರನ್ನು ಮನಸಾರೆ ನಂಬಿಯೂ ಇದ್ದಾನೆ. ಅಷ್ಟಕ್ಕೂ ಅವರಿಗೆ ಸಮಾಧಾನವಿಲ್ಲ. ನಿನ್ನ ಭಾಷೆ ಆಡಬೇಡ, ಮದುವೆಗೆ ನಿನ್ನ ಹಾಡು ಹಾಡಬೇಡ, ಅಂಗಳದಲ್ಲಿ ತುಳಸಿ ನೆಡಬೇಡ ಎಂದು ಮನೆಯೊಳಗೆ ಇಣುಕತೊಡಗಿದಾಗ ಅವನು ಓಡುತ್ತಾನೆ. ದೋಣಿ ಹೊರಡುವಾಗ ದಡದ ಕಡೆ ತಿರುಗಿ ಒಮ್ಮೆ ಕೈಮುಗಿಯುತ್ತಾನೆ. ಯಾರಿಗೆ ಎಂದು ನಾಟಕದಲ್ಲಿ ಹೇಳುವುದಿಲ್ಲ.

ಇದೆಲ್ಲ ಸುರುವಾದದ್ದು ಮಗಳಿಂದ. ಎಲೈಜಾ ಎಂಟನೇ ಕ್ಲಾಸು. ಪಾಠದಲ್ಲಿ ಐರೋಪ್ಯರು ಸಮುದ್ರದ ದಾರಿ ಹುಡುಕಿ ಬಂದ ಕಥೆ. ಮೆಣಸಿಗೆ ಬಂದರು, ಹಡಗು ಸುಟ್ಟರು, ಕೋಟೆ ಕಟ್ಟಿದರು. ಟೀಚರು ಹೋದ ಮೇಲೆ ಪಕ್ಕದ ಬೆಂಚಿನ ಅಶ್ವಿತಾ ಅವಳ ನೋಟ್‌ಬುಕ್ಕಿನ ಮೇಲಿದ್ದ ಮೊಂತೇರೊ ಎಂಬ ಹೆಸರಿನ ಮೇಲೆ ಬೆರಳಿಟ್ಟು, "ಅಂದ್ರೆ ನಿಮ್ಮವರೇ ಅಲ್ವಾ?" ಎಂದು ಕೇಳಿದ್ದಳಂತೆ. ಮನೆಗೆ ಬಂದು ಬ್ಯಾಗು ಬಿಸಾಡಿದ ಹುಡುಗಿ ಅಪ್ಪನ ಎದುರು ನಿಂತಳು.

"ಪಪ್ಪಾ, ನಾವು ಯಾರ ಸೈಡು? ಹಡಗು ಸುಟ್ಟವರದ್ದಾ, ಸುಡಿಸಿಕೊಂಡವರದ್ದಾ?"

ಅಪ್ಪನಾದವನು ಅಲ್ಲೇ ಕೂರಿಸಿಕೊಂಡು ಹೇಳಿಬಿಡಬಹುದಿತ್ತು. ಇವನು ಹೇಳಲಿಲ್ಲ. "ನಾಟಕ ಬರೀತೇನೆ, ನೋಡ್ಲಿಕ್ಕೆ ಬಾ. ಅಲ್ಲಿ ಉತ್ತರ ಕೊಡ್ತೇನೆ" ಎಂದ. ದೊಡ್ಡ ನಾಟಕಕಾರ ನೋಡಿ! ಪರದೆ ಎಳೆದ ಮೇಲೆಯೇ ಬಾಯಿ ಬಿಡುವವನು.

ಆದರೆ ಅವನ ಕಷ್ಟವೂ ಒಂದಿತ್ತು. ಉತ್ತರ ಹೇಳಬೇಕೆಂದರೆ ಎಲೆಯ ವಿಷಯ ಹೇಳಬೇಕು. ಎಲೆಯ ವಿಷಯ ಹೇಳುವುದಕ್ಕೆ ಅವರ ಮನೆತನದಲ್ಲಿ ಒಂದು ಕಟ್ಟಳೆ ಉಂಟು.

ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್, ಅಂದರೆ ಮೇರಿಯಮ್ಮನ ಹುಟ್ಟುಹಬ್ಬ, ತೆನೆ ಹಬ್ಬ. ಹೊಸ ತೆನೆಯನ್ನು ಚರ್ಚಿನಿಂದ ಹರಸಿ ತಂದು, ಅಕ್ಕಿ ಸುಲಿದು ಪಾಯಸಕ್ಕೆ ಹಾಕಿ, ಬಾಳೆಲೆಯಲ್ಲಿ ಬರೀ ತರಕಾರಿಯ ಊಟ. ಕರಾವಳಿಯ ಕ್ಯಾಥೊಲಿಕರ ಮನೆಯಲ್ಲೆಲ್ಲ ಇಷ್ಟೇ. ಒಸ್ವಾಲ್ಡನ ಊರಾದ ಶಿರ್ವದ ಮನೆಯಲ್ಲಿ ಮಾತ್ರ ಎಲ್ಲರ ಊಟವಾದ ಮೇಲೆ ಅಜ್ಜಿ ವೆರೋನಿಕಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಇನ್ನೊಂದು ಎಲೆ ಬಡಿಸುತ್ತಿದ್ದಳು. ಯಾರಿಗೆ? ಅವರ ಹಿರಿಯರು ಗೋವೆಯಿಂದ ಓಡಿಬರುವಾಗ ಹಿಂದೆ ಬಿಟ್ಟುಬಂದ ಮನೆದೇವಿಗೆ. ಅವಳನ್ನು ಪೂಜಿಸುವುದಿಲ್ಲ, ಅವಳ ಹೆಸರೂ ಯಾರಿಗೂ ನೆನಪಿಲ್ಲ. ಆದರೆ ಹಬ್ಬದ ದಿನ ಅವಳು ಹಸಿದಿರಬಾರದು, ಅಷ್ಟೇ. ಒಮ್ಮೆ ಊರಿನ ಪಾದ್ರಿಗಳು ಹೇಳದೆ ಕೇಳದೆ ಒಳಗೆ ಬಂದು, "ಇದು ಯಾರಿಗೆ ವೆರೋನಿಕಾ?" ಎಂದಾಗ ಅಜ್ಜಿ ಗಾಬರಿಯಿಂದ, "ಬೆಕ್ಕಿಗೆ ಫಾದರ್" ಎಂದುಬಿಟ್ಟಿದ್ದಳು. ಆಮೇಲೆ, ನನ್ನ ಬಾಯಿಂದ ಅವಳಿಗೆ ಎಂಥ ಮಾತು ಬಂತು ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದಳು.

ಈ ಗುಟ್ಟನ್ನು ಮಕ್ಕಳಿಗೆ ಹೇಳುವುದು ರೋಸಿನ ದಿನ. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚಿ ಮೀಯಿಸುತ್ತಾರಲ್ಲ, ಆಗ ಕಿವಿಯಲ್ಲಿ. ಒಸ್ವಾಲ್ಡನಿಗೂ ಹಾಗೆಯೇ ಹೇಳಿದ್ದು. ದೋಹಾಕ್ಕೆ ಬಂದ ಮೇಲೂ ಅವನು ಎಲೆ ಬಿಡಲಿಲ್ಲ. ಮಲಯಾಳಿಯ ಅಂಗಡಿಯಿಂದ ಬಾಳೆಲೆ ತಂದು, ಅಡುಗೆಮನೆಯ ಬಾಗಿಲು ಹಾಕಿ ಬಡಿಸುತ್ತಾನೆ. ಹೆಂಡತಿ ಕ್ರಿಸ್ಟೀನಾಳಿಗೆ ಗೊತ್ತು. ಮಗಳಿಗೆ ಗೊತ್ತಿಲ್ಲ. ಗೊತ್ತಿದ್ದ ಇನ್ನೊಬ್ಬನೆಂದರೆ ಚನಿಯ.

ಅದು ಕೋಣೆಯ ಕಾಲದ ಮಾತು. ಒಂದೇ ಕೋಣೆ, ಮುಚ್ಚಲಿಕ್ಕೆ ಅಡುಗೆಮನೆಯ ಬಾಗಿಲೆಂಬುದೇ ಇಲ್ಲ. ತೆನೆ ಹಬ್ಬದ ದಿನ ಒಸ್ವಾಲ್ಡ್ ಎರಡೆಲೆ ಬಡಿಸಿ, ಮೂರನೆಯದನ್ನು ಹಾಸಿ, ಏನು ಹೇಳುವುದೆಂದು ತಿಳಿಯದೆ ಕೂತಾಗ ಚನಿಯ, "ಯಾರಿಗೋ?" ಎಂದ. ಒಸ್ವಾಲ್ಡ್ ಎಲ್ಲ ಹೇಳಿಬಿಟ್ಟ. ಪಾದ್ರಿ, ಬೆಕ್ಕು, ಅಜ್ಜಿಯ ಅಳು, ಎಲ್ಲ. ಚನಿಯ ನಗಲಿಲ್ಲ. ಕೈ ತೊಳೆದು ಬಂದು, ಆ ಮೂರನೆಯ ಎಲೆಯನ್ನು ನೋಡಿ, "ಉಪ್ಪು ಹಾಕ್ಲಿಲ್ಲ ನೀನು" ಎಂದು ಒಂದು ಚಿಟಿಕೆ ಉಪ್ಪನ್ನು ಎಲೆಯ ಮೂಲೆಗೆ ತಾನೇ ಬಡಿಸಿದ. "ಯಾರಿಗೂ ಹೇಳುದಿಲ್ಲ, ನನ್ನ ಮಕ್ಕಳಾಣೆ" ಎಂದ. ಆವತ್ತು ಒಸ್ವಾಲ್ಡನಿಗೆ ಇವನು ಒಡಹುಟ್ಟಿದವನಿಗಿಂತ ಹೆಚ್ಚು ಅನ್ನಿಸಿತ್ತು. ಅನ್ನಿಸದೆ ಇನ್ನೇನು?

ಹಾಗಾಗಿ ಈಗ ಅವನ ಲೆಕ್ಕಾಚಾರ ಹೀಗಿತ್ತು. ರಂಗದ ಮೇಲೆ ದೋಣಿಯ ದೃಶ್ಯ ಆಗಲಿ. ಎಲೈಜಾ ನೋಡಲಿ. ಮನೆಗೆ ಬಂದ ಮೇಲೆ, "ಪಪ್ಪಾ, ಅವನು ಕೈಮುಗಿದದ್ದು ಯಾರಿಗೆ?" ಎಂದು ಅವಳೇ ಕೇಳುತ್ತಾಳೆ. ಆಗ ರೋಸಿಗೆ ಕಾಯದೆ ಹೇಳಿಬಿಡುವುದು. ಕಟ್ಟಳೆ ಮುರಿದದ್ದಕ್ಕೆ ಅಜ್ಜಿ ಬೈದರೆ ಬೈಯಲಿ.

ಅಲ್ ರಯ್ಯಾನಿನ ಒಂದು ವಿಲ್ಲಾದ ಹಜಾರದಲ್ಲಿ ರಿಹರ್ಸಲು ನಡೆಯಿತು. ಚನಿಯನ ಹೆಂಡತಿ ಲೀಲಾಕ್ಷಿ ಹಳೆಯ ಮಖಮಲ್ಲಿನ ಪರದೆ ಹರಿದು ಕಪ್ತಾನನಿಗೆ ನಿಲುವಂಗಿ ಹೊಲಿದಳು. ಬಳಗದ ಅಧ್ಯಕ್ಷ ವಿಕಾಸ್ ಬಂದು ನೋಡಿ, "ಫೈಟಿಂಗ್ ಬೊಂಬಾಟ್ ಉಂಟು. ಆದ್ರೆ ಕಡೆಯಲ್ಲಿ ಈ ಅಳು ಎಂತಕ್ಕೆ? ಜನ ನಗ್ಲಿಕ್ಕೆ ಬರುದಲ್ವಾ?" ಎಂದು ಹೋದ. ಚನಿಯ ಕಣ್ಣು ಮಿಟುಕಿಸಿ, "ಅವನದ್ದು ತಲೆಗೆ ಹಾಕ್ಬೇಡ" ಎಂದ. ಒಸ್ವಾಲ್ಡ್ ಹಾಕಿಕೊಳ್ಳಲಿಲ್ಲ.

ನಾಟಕದ ದಿನ ಶುಕ್ರವಾರ. ಊಟವಾದ ಮೇಲೆ ಜನ ಶಾಲೆಯ ಸಭಾಂಗಣ ತುಂಬಿಕೊಂಡರು. ದೂರದ ಅಲ್ ಖೋರಿನಿಂದ ಬಸ್ಸು ಮಾಡಿಕೊಂಡು ಬಂದವರಿದ್ದರು. ಬಣ್ಣದ ಕೋಣೆಯಲ್ಲಿ ಒಸ್ವಾಲ್ಡ್ ಅಂಟು ಹಚ್ಚಿ ಮೀಸೆ ಗಡ್ಡ ಒತ್ತಿಕೊಳ್ಳುತ್ತಾ ಕೇಳಿದ:

"ಲೀಲಕ್ಕ, ದೋಣಿ ಸೀನಿನ ಪಂಚೆ ಎಲ್ಲಿ?"

ಲೀಲಾಕ್ಷಿ ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದಳು. ತೆಗೆದು, "ಅವರನ್ನೇ ಕೇಳಿ ಒಸ್ವಾಲ್ಡಣ್ಣ" ಎಂದು ಆಚೆ ಹೋದಳು. ಆಗಲಾದರೂ ಈ ಮನುಷ್ಯನಿಗೆ ತಲೆಗೆ ಹೋಗಬೇಡವೇ? ಹೋಗಲಿಲ್ಲ. ಹೇಗೂ ಮನೆಯಿಂದ ಒಂದು ಪಂಚೆ ತಂದಿದ್ದ. ಅದನ್ನು ಮಡಿಚಿ ಕುರ್ಚಿಯ ಮೇಲೆ ಇಟ್ಟುಕೊಂಡ.

ನಾಟಕ ಚೆನ್ನಾಗಿಯೇ ಸುರುವಾಯಿತು. ಕಪ್ತಾನ ಹಡಗಿನಿಂದ ಇಳಿದ. ಎದುರಿಗೆ ದುಭಾಷಿಯಾಗಿ ಚನಿಯ, ಕುಂಕುಮದ ಬಣ್ಣದ ಮುಂಡಾಸು, ಓರೆ ನಗು. ಅವನು ರಂಗಕ್ಕೆ ಬಂದರೆ ಜನ ಮೊದಲೇ ನಗಲು ತಯಾರು. ನಮ್ಮ ಕಡೆಯ ನಾಟಕದ ರೀತಿ ನಿಮಗೆ ಗೊತ್ತಲ್ಲ. ಬರೆದದ್ದು ಬರೆದ ಕಡೆ ಇರುತ್ತದೆ. ಹಾಸ್ಯದವನು ರಂಗದ ಮೇಲೆ ಬಾಯಿಗೆ ಬಂದದ್ದು ಎಸೆಯುತ್ತಾನೆ, ಎದುರಿನವನು ಅಲ್ಲೇ ಹಿಡಿದು ತಿರುಗಿ ಎಸೆಯಬೇಕು. ಎಸೆಯಲಾಗದೆ ಬಾಯಿ ಮುಚ್ಚಿದವನು ಸೋತ ಹಾಗೆ.

"ಕಪ್ತಾನರೇ, ಇಷ್ಟು ದೂರ ಯಾಕೆ ಬಂದದ್ದು?"

"ಕರಿಮೆಣಸಿಗೆ."

"ಅದನ್ನು ಅರಬರು ನಿಮ್ಮ ಕಡೆ ತಂದು ಮಾರ್ತಾರಲ್ಲ?"

"ಕೈಯಿಂದ ಕೈಗೆ ದಾಟಿ ನಮ್ಮೂರಿಗೆ ಬರುವಾಗ ಬಂಗಾರದ ಬೆಲೆ. ನಡುವಿನವರೇ ಬೇಡ ಅಂತ ಆಫ್ರಿಕಾ ಸುತ್ತಿ ಬಂದೆವು."

"ಹಾಗಾದ್ರೆ ಮೂಟೆ ಕಟ್ಟಿ ಕೊಡ್ತೇವೆ, ಕೊಂಡುಹೋಗಿ."

"ಕೊಳ್ಳುವವನು ಫಿರಂಗಿ ಹೊತ್ತುಕೊಂಡು ಬರ್ತಾನಾ ದುಭಾಷಿ?" ಎಂದು ಒಸ್ವಾಲ್ಡ್ ಗುಡುಗಿದ. ಮುಂದಿನ ಸಾಲಿನವರು ಬೆನ್ನು ನೆಟ್ಟಗೆ ಮಾಡಿ ಕೂತರು.

ಆಮೇಲೆ ಕಪ್ತಾನ ಕಟ್ಟಳೆ ಹೊರಡಿಸಿದ. ಇನ್ನು ಮುಂದೆ ಈ ಕಡಲು ಪೋರ್ಚುಗಲ್ಲಿನ ರಾಜನದ್ದು. ಹೊರ್ಮುಜ್ ಬಂದರಿಗೆ ಅಕ್ಕಿ ಸಾಗಿಸುವವನೂ ತಮ್ಮಿಂದ ಚೀಟಿ ಪಡೆಯಬೇಕು, ಚೀಟಿಯಿಲ್ಲದ ಹಡಗಿಗೆ ಬೆಂಕಿ. ಚನಿಯ ಸಭೆಯ ಕಡೆ ತಿರುಗಿ ತಲೆ ಕೆರೆದುಕೊಂಡ.

"ಓ, ಇದು ನಮ್ಮ ಎಕ್ಸಿಟ್ ಪರ್ಮಿಟ್! ನಮ್ಮ ಅರಬಿ ಧಣಿ, ಕಫೀಲ, ಸಹಿ ಹಾಕದೆ ಊರಿಗೆ ಹೋಗ್ಲಿಕ್ಕೆ ಇಲ್ಲ, ಮಾಫಿ!"

ಸಭೆ ಹೋ ಎಂದು ಎದ್ದುಬಿದ್ದು ನಕ್ಕಿತು. ಒಸ್ವಾಲ್ಡನೂ ಗಡ್ಡದೊಳಗೆ ನಕ್ಕ. ಬೇಕಲ್ಲ, ಇಂಥದ್ದು ಬೇಕು. ಮುಂದಿನ ಸಾಲಿನ ಅಂಚಿನಲ್ಲಿ ಎಲೈಜಾ ಚಪ್ಪಾಳೆ ತಟ್ಟುತ್ತಿದ್ದಳು. ಇನ್ನೇನು ಕಪ್ತಾನ ನಿರ್ಗಮಿಸಬೇಕು, ದೀಪ ಆರಬೇಕು, ದೋಣಿ ಬರಬೇಕು. ಅಷ್ಟರಲ್ಲಿ ಚನಿಯ ಅವನ ನಿಲುವಂಗಿ ಹಿಡಿದು ಜಗ್ಗಿದ.

"ನಿಲ್ಲಿ ಕಪ್ತಾನರೇ, ಒಂದು ಗುಟ್ಟು. ನೀವು ಹೆಸರು ಬದಲಿಸಿದ್ದೀರಲ್ಲ, ಆ ಜನ ನಿಮಗೇ ಟೋಪಿ ಹಾಕಿದ್ದಾರೆ!"

ಇದು ಬರೆದದ್ದರಲ್ಲಿ ಇರಲಿಲ್ಲ. ಒಸ್ವಾಲ್ಡ್ ನಗುತ್ತಲೇ ಹುಬ್ಬೇರಿಸಿದ.

"ಮುಂಬಾಗಿಲಲ್ಲಿ ಮೇರಿಯಮ್ಮ, ಹಿಂಬಾಗಿಲಲ್ಲಿ ದೇವಿಯಮ್ಮ! ತೆನೆ ಹಬ್ಬದ ದಿನ ಅಡುಗೆಮನೆಯ ಬಾಗಿಲು ಹಾಕಿ ಒಂದೆಲೆ ಹೆಚ್ಚಿಗೆ ಬಡಿಸ್ತಾರೆ. ಪಾದ್ರಿ ಬಂದು ಕೇಳಿದ್ರೆ," ಚನಿಯ ಮುಂಡಾಸಿನ ತುದಿಯನ್ನು ಸೆರಗಿನ ಹಾಗೆ ತಲೆಗೆ ಹೊದ್ದು, ಮುದುಕಿಯ ದನಿ ಮಾಡಿ, ಸೊಂಟ ಬಗ್ಗಿಸಿ ಗಡಗಡ ನಡುಗಿದ, "ಅಯ್ಯೋ ಫಾದರ್, ಅದು ಬೆಕ್ಕಿಗೆ!"

ಸಭಾಂಗಣ ಬಿದ್ದುಹೋಗುವಂತೆ ನಗು. ಯಾರೋ ಸಿಳ್ಳೆ ಹಾಕಿದರು. ಹಿಂದಿನಿಂದ ಯಾರೋ ಮಿಯಾಂವ್ ಎಂದರು. ಒಸ್ವಾಲ್ಡ್ ಮೊದಲು ತಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡ. ಆಮೇಲೆ ಅಜ್ಜಿಯ ಬಗ್ಗಿದ ಬೆನ್ನು ಚನಿಯನ ಮೈಯಲ್ಲಿ ಕಾಣಿಸಿತು. ಎಲ್ಲಿಯಾದರೂ ಕಣ್ಣು ಇಡಬೇಕೆಂದು ಮಗಳ ಕಡೆ ನೋಡಿದ. ಎಲೈಜಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಕ್ರಿಸ್ಟೀನಾ ಕಲ್ಲಿನ ಹಾಗೆ ಕೂತಿದ್ದಳು.

"ಯಲ್ಲಾ, ಬೇಗ ಏನಾದ್ರೂ ಹೇಳೋ" ಎಂದು ಚನಿಯ ಹಲ್ಲಿನ ನಡುವೆಯೇ ಪಿಸುಗುಟ್ಟಿದ. ಕಪ್ತಾನನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಡೈಲಾಗು ಮರೆತ ಎಂದುಕೊಂಡ ಜನ ಅದಕ್ಕೂ ನಕ್ಕರು. ಚನಿಯ ಕೈಬೀಸಿದ, ಪರದೆ ಬಿತ್ತು.

ಒಸ್ವಾಲ್ಡ್ ಬಣ್ಣದ ಕೋಣೆಗೆ ಓಡಿ ಪಂಚೆ ಕೈಗೆ ತೆಗೆದುಕೊಂಡ. ಏನೇ ಆಗಲಿ, ದೋಣಿ ಉಂಟಲ್ಲ. ದೋಣಿಯಲ್ಲಿ ನಿಂತರೆ ಈ ಮಾತನ್ನು ತೊಳೆಯಬಹುದು. ಆದರೆ ಪರದೆಯ ಆಚೆಯಿಂದ ವಿಕಾಸನ ದನಿ ಮೈಕಿನಲ್ಲಿ ಕೇಳಿಸಿತು. ನಾಟಕ ಇಲ್ಲಿಗೆ ಮುಕ್ತಾಯ, ಮುಖ್ಯ ಅತಿಥಿಗಳು ವೇದಿಕೆಗೆ ಬರಬೇಕು, ಕಲಾವಿದರಿಗೆ ಜೋರಾದ ಚಪ್ಪಾಳೆ.

ಚನಿಯ ಬೆವರೊರೆಸಿಕೊಳ್ಳುತ್ತಾ ಒಳಗೆ ಬಂದ. ಮುಖದಲ್ಲಿ ಗೆದ್ದವನ ಕಳೆ.

"ದೋಣಿ?" ಎಂದ ಒಸ್ವಾಲ್ಡ್.

"ಖಲಾಸ್ ಮಾರಾಯ. ಗೆಸ್ಟಿಗೆ ಬೇಗ ಹೋಗ್ಬೇಕಂತೆ. ವಿಕಾಸ್ ಆ ಸೀನ್ ತೆಗೀಲೇಬೇಕು ಅಂದ."

"ಯಾವಾಗ ಅಂದದ್ದು?"

ಚನಿಯ ಮುಂಡಾಸು ಬಿಚ್ಚುವುದರಲ್ಲಿ ಮಗ್ನನಾದ. "ನಿನ್ನೆ."

"ನಿನ್ನೆಯೇ ಗೊತ್ತಿತ್ತಾ ನಿಂಗೆ?"

"ನಿಂಗೆ ಹೇಳಿದ್ರೆ ನೀನು ಬಣ್ಣ ಹಚ್ಚಿಕೊಳ್ತಿರ್ಲಿಲ್ಲ. ನಾಟಕವೇ ನಿಲ್ತಿತ್ತು. ನಾನೆಂತ ಮಾಡ್ಲಿ? ಅದಕ್ಕೇ ಅಲ್ವಾ, ನಿನ್ನ ವಿಷಯ ಪೂರ್ತಿ ಬಿಟ್ಟುಹೋಗ್ಬಾರ್ದು ಅಂತ ಒಂದು ಡೈಲಾಗಲ್ಲಿ ಸೇರಿಸಿದ್ದು. ಜನ ಹೇಗೆ ಹಿಡಿದ್ರು ನೋಡಿದ್ಯಾ! ದೋಣಿಯಲ್ಲಿ ಅತ್ರೆ ಯಾರಿಗೆ ಮುಟ್ಟುತ್ತಿತ್ತು?"

ನಿಜ ಹೇಳಬೇಕೆಂದರೆ ಚನಿಯ ಸುಳ್ಳು ಹೇಳುತ್ತಿರಲಿಲ್ಲ. ಅವನು ಸ್ನೇಹಿತನಿಗೆ ಉಪಕಾರ ಮಾಡಿದೆನೆಂದೇ ನಂಬಿದ್ದ. ಅದೇ ಸಹಿಸಲಾಗದ್ದು. ಕೆಟ್ಟತನದಿಂದ ಮಾಡಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು.

"ಅದಕ್ಕೆ ಉಪ್ಪು ಬಡಿಸಿದವ ನೀನು" ಎಂದ ಒಸ್ವಾಲ್ಡ್. "ಮಕ್ಕಳಾಣೆ ಹಾಕಿದವ ನೀನು. ನನ್ನ ಅಜ್ಜಿಯನ್ನು ಸೊಂಟ ಬಗ್ಗಿಸಿ ತೋರಿಸಿದ್ಯಲ್ಲ, ನಿಂಗೆ ಹೇಗೆ ಮನಸ್ಸು ಬಂತೋ?"

"ಅಯ್ಯೋ, ಹೆಸರು ಹೇಳಿದ್ನಾ ನಾನು? ಯಾರಿಗೆ ಗೊತ್ತಾಗ್ತದೆ ನಿಮ್ಮ ಮನೆಯದ್ದು ಅಂತ?" ಚನಿಯ ಈಗ ನಿಜವಾಗಿಯೂ ಗಾಬರಿಯಾದ. "ಒಸ್ಸೀ, ನೀನೊಬ್ಬ. ನಾಟಕ ಅಲ್ವಾ!"

ಒಸ್ವಾಲ್ಡ್ ಪಂಚೆಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡ. ನೆನಪಿನ ಕಾಣಿಕೆಗೆ ಅವನ ಹೆಸರು ಮೈಕಿನಲ್ಲಿ ಮತ್ತೆ ಮತ್ತೆ ಕೂಗಿದರು. ಅವನು ಹಿಂದಿನ ಬಾಗಿಲಿನಿಂದ ಹೊರಟ.

ಕಾರಿನಲ್ಲಿ ಕ್ರಿಸ್ಟೀನಾ ಸೀಟುಬೆಲ್ಟು ಎಳೆದುಕೊಂಡು ರಸ್ತೆ ನೋಡುತ್ತಾ ಕೂತಳು. ಹಿಂದಿನ ಸೀಟಿನಲ್ಲಿ ಎಲೈಜಾಳ ಬಾಯಿ ನಿಲ್ಲಲಿಲ್ಲ.

"ಚನಿಯ ಅಂಕಲ್ ಸೂಪರ್! ಎಕ್ಸಿಟ್ ಪರ್ಮಿಟ್ ಅಂದಾಗ ಎಲ್ರೂ ಔಟ್! ಆದ್ರೆ ಬೆಕ್ಕಿನ ಜೋಕ್ ಬೆಸ್ಟ್. ಪಪ್ಪಾ, ನೀವು ಲೈನ್ ಮರ್ತುಬಿಟ್ರಿ ಅಲ್ವಾ? ಉತ್ತರ ಕೊಡ್ತೇನೆ ಅಂದಿದ್ರಿ, ಎಲ್ಲಿ ಕೊಟ್ರಿ?"

"ಎಲೈಜಾ, ಸಾಕು" ಎಂದಳು ಕ್ರಿಸ್ಟೀನಾ. ಆ ದನಿಗೆ ಹುಡುಗಿ ಥಟ್ಟನೆ ಸುಮ್ಮನಾಗಿ, ಅಮ್ಮನ ಮುಖವನ್ನೂ ಕನ್ನಡಿಯಲ್ಲಿ ಅಪ್ಪನ ಮುಖವನ್ನೂ ನೋಡಿದಳು.

ಸೂರ್ಯ ಇಳಿಯುತ್ತಿದ್ದ. ಹತ್ತಿರದ ಮಸೀದಿಯಿಂದ ಮಗ್ರಿಬಿನ ಬಾಂಗು ಕೇಳಿಸತೊಡಗಿತ್ತು. ಒಸ್ವಾಲ್ಡ್ ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಹಿಂದೆ ತಿರುಗದೆಯೇ ಹೇಳಿದ. ಗೋವೆ, ದೋಣಿ, ಹಿಂದೆ ಬಿಟ್ಟುಬಂದವಳು, ಅವಳಿಗೊಂದು ಎಲೆ. ಕತ್ತಿ ತಂದವರು ಕೊಟ್ಟ ಹೆಸರನ್ನು ಹೊತ್ತುಕೊಂಡು, ಆ ಕತ್ತಿಗೇ ಹೆದರಿ ಓಡಿಬಂದವರು ನಾವು ಎಂದ. ಪಾದ್ರಿಗಳಿಗೆ ಹೆದರಿ ಅಜ್ಜಿ ಬೆಕ್ಕಿಗೆ ಅಂದದ್ದು, ಆಮೇಲೆ ಅತ್ತದ್ದು, ಎಲ್ಲ ಹೇಳಿದ. ರಂಗದ ಮೇಲೆ ಎಷ್ಟು ಚಂದವಾಗಿ ಹೇಳಬೇಕೆಂದಿದ್ದನೋ, ಇಲ್ಲಿ ಅಷ್ಟೂ ಹರಿದು ಚಿಂದಿಯಾಗಿ ಬಂತು. ಗಡ್ಡವನ್ನು ಕಿತ್ತಿದ್ದ, ಮೀಸೆ ಕಿತ್ತುಬಂದಿರಲಿಲ್ಲ. ಕಪ್ತಾನನ ಮೀಸೆ ಇಟ್ಟುಕೊಂಡೇ ಹೇಳಿದ.

ಹಿಂದಿನ ಸೀಟಿನಿಂದ ಎಲೈಜಾ ಮುಂದಕ್ಕೆ ಬಾಗಿದಳು.

"ನಾನೂ ನಕ್ಕೆ ಪಪ್ಪಾ" ಎಂದಳು ಎಲೈಜಾ. ಅವಳು ಅಳುತ್ತಿದ್ದಳು. "ಅದು ನಮ್ಮದು ಅಂತ ಗೊತ್ತಿರ್ಲಿಲ್ಲ."

"ನಿನ್ನ ತಪ್ಪಲ್ಲ ಮಗಾ. ನಿಂಗೆ ಹೇಗೆ ಗೊತ್ತಾಗ್ಬೇಕು?"

"ಚನಿಯ ಅಂಕಲ್‌ಗೆ ಹೇಗೆ ಗೊತ್ತಾಯ್ತು?"

"ನಾನೇ ಹೇಳಿದ್ದು."

"ಯಾವಾಗ?"

"ನೀವು ಇಲ್ಲಿಗೆ ಬರುವ ಮೊದಲು. ನಾವು ಒಟ್ಟಿಗೆ ರೂಮಲ್ಲಿದ್ದಾಗ."

ಎಲೈಜಾ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಪ್ರತಿ ತೆನೆ ಹಬ್ಬದ ದಿನ ಅಡುಗೆಮನೆಯ ಚಿಲಕ ಒಳಗಿನಿಂದ ಬೀಳುವ ಸದ್ದನ್ನು ಅವಳೂ ಕೇಳಿದ್ದಳು. ಪಪ್ಪಾ ಪಾತ್ರೆ ತೊಳೆಯುತ್ತಿದ್ದಾರೆ ಎಂದುಕೊಂಡು ಟೀವಿ ನೋಡುತ್ತಾ ಕೂತಿರುತ್ತಿದ್ದಳು.

"ಅಂಕಲ್‌ಗೆ ಹೇಳಿದ್ರಿ" ಎಂದಳು. "ನಂಗೆ ಬಾಗಿಲು ಹಾಕಿದ್ರಿ."

ಒಸ್ವಾಲ್ಡ್ ಹಿಂದೆ ತಿರುಗಿದ. ಕಟ್ಟಳೆ, ರೋಸು, ಅಜ್ಜಿ, ಒಂದೊಂದಾಗಿ ಎಲ್ಲವೂ ನಾಲಗೆಯ ತನಕ ಬಂದವು. ಒಂದೊಂದೂ ನೆಪದ ಹಾಗೆ ಕಂಡು ಹಿಂದಕ್ಕೆ ನುಂಗಿದ. ಸೀಟಿನ ಮೇಲಿದ್ದ ಫೋನಿನಲ್ಲಿ ಚನಿಯನ ಹೆಸರು ಬೆಳಗಿತು, ಗಂಟೆ ಹೊಡೆದು ಹೊಡೆದು ನಿಂತಿತು. ಎಲೈಜಾ ಕಿಟಕಿಯ ಕಡೆ ತಿರುಗಿ ಕೂತಳು.

"ಹೋಗುವ ಪಪ್ಪಾ, ಮನೆಗೆ" ಎಂದಳು.

ಅವನು ಕಾರು ಸ್ಟಾರ್ಟ್ ಮಾಡಿದ.